ಸೋಮವಾರದಿಂದ ಸೊನ್ನೆ

ನಮ್ಮ ಬಟ್ಟಲು ಕೆಟ್ಟದ್ದು ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಕೆಟ್ಟಿತೆಂದು ನಾವು ಅಂದುಕೊಂಡೆವು ಎಂದರೆ ಹೆಚ್ಚು ಸರಿ. ಎಲ್ಲ ಮುಗಿದ ಮೇಲೆ ಮಾತು ಜೋಡಿಸಿಕೊಳ್ಳುವುದು ಸುಲಭ. ಆವತ್ತು ನನಗಾದದ್ದು ಬರೀ ನಾಚಿಕೆ.

ಬಟ್ಟಲು ಎಂದರೆ ಅಡಿಗೆಮನೆಯದಲ್ಲ. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿ ಸೂರ್ಯನ ಕಡೆಗೆ ಬಾಯಿ ತೆರೆದು ನಿಂತಿರುವ, ಅಂಗೈ ಅಗಲದ ಒಂದು ಲೋಹದ ಪಾತ್ರೆ. ಗ್ರಹಣದ ದಿನ ಕಪ್ಪು ತಟ್ಟೆಯ ಸುತ್ತ ಬೆಳ್ಳಗೆ ಕಾಣುತ್ತದಲ್ಲ, ಸೂರ್ಯನ ಆ ಹೊರ ವಾತಾವರಣ ಇದ್ದಲ್ಲೇ ಇರುವಂಥದ್ದಲ್ಲ. ಕುದಿಯುವ ಪಾತ್ರೆಯ ಹಬೆಯ ಹಾಗೆ ಸದಾ ಹೊರಕ್ಕೆ ಹರಿಯುತ್ತಿರುತ್ತದೆ. ಅದನ್ನು ಸೌರಗಾಳಿ ಎನ್ನುತ್ತೇವೆ. ಒಂದು ಸಣ್ಣ ಬೆಲ್ಲದ ಚೂರಿನಷ್ಟು ಜಾಗದಲ್ಲಿ ಆ ಗಾಳಿಯ ಐದೋ ಆರೋ ಕಣಗಳಿರುತ್ತವೆ. ಬಟ್ಟಲಿನ ಕೆಲಸ ಅವುಗಳನ್ನು ಎಣಿಸುವುದು.

ಇಂಥ ಬಟ್ಟಲುಗಳು ಅಲ್ಲಿ ಮೂರು. ಪ್ರಭಾವಳಿ ಯೋಜನೆಯಲ್ಲಿ ಮೂರು ದೇಶಗಳ ಮೂರು ನೌಕೆಗಳಿವೆ. ಜಪಾನಿನದು ಒಂದು ತಟ್ಟೆ ಹಿಡಿದು ಸೂರ್ಯನನ್ನು ಮರೆಮಾಡುತ್ತದೆ. ಆ ನೆರಳಿನಲ್ಲಿ ನಿಂತು ಸ್ಪೇನಿನ ನೌಕೆ ಚಿತ್ರ ತೆಗೆಯುತ್ತದೆ. ನಮ್ಮದು ಅವೆರಡರ ಪಕ್ಕದಲ್ಲಿದ್ದು ಕಾಂತಶಕ್ತಿ ಅಳೆಯುತ್ತದೆ. ಬಟ್ಟಲು ಮಾತ್ರ ಮೂರರಲ್ಲೂ ಒಂದೊಂದಿದೆ. ನಮ್ಮ ಅತ್ತೆ ಓಬಮ್ಮನವರು ಇದನ್ನೆಲ್ಲ ಒಮ್ಮೆ ಕೂತು ಕೇಳಿ, "ಅಂದ್ರೆ ದಿನಾ ಗ್ರಹಣ ಹಿಡಿಸೋ ಕೆಲ್ಸ ಅನ್ನು," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಂದಿನಿಂದ ನಾನು ಕೇಂದ್ರದಿಂದ ಬಂದ ಕೂಡಲೇ ಕಾಲು ತೊಳೆಯದೆ ಒಲೆಯ ಹತ್ತಿರ ಹೋಗುವ ಹಾಗಿಲ್ಲ.

ಈ ಎಣಿಕೆ ಯಾಕೆ ಬೇಕು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹದಿನಾಲ್ಕು ವರ್ಷದ ಹಿಂದೆ ಸೂರ್ಯನಲ್ಲಿ ಸಿಡಿದು ಹೊರಟ ಒಂದು ಸೌರ ಬಿರುಗಾಳಿ ಉತ್ತರದ ಮೂರು ದೇಶಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಒಂದೇ ಸಂಜೆ ಸುಟ್ಟುಹಾಕಿತು. ಹೊಸದನ್ನು ಮಾಡಿ ತಂದು ಕೂರಿಸಲು ಹನ್ನೊಂದು ತಿಂಗಳು ಹಿಡಿಯಿತು. ಅಲ್ಲಿಂದ ಈಚೆಗೆ ಬಿರುಗಾಳಿ ಬರುತ್ತದೆಂದು ಗೊತ್ತಾದರೆ ಅರ್ಧ ಜಗತ್ತಿನ ವಿದ್ಯುತ್ತನ್ನು ನಾವಾಗಿಯೇ ಆರಿಸಿ ಕೂರುತ್ತೇವೆ. ಜನ ಅದಕ್ಕೆ ಸೂರ್ಯನ ಬಂದ್ ಎನ್ನುತ್ತಾರೆ. ಬಂದ್ ನಮಗೆ ಹೊಸದಲ್ಲವಲ್ಲ. ಹಿಂದಿನ ದಿನವೇ ಟ್ಯಾಂಕು ತುಂಬಿಸಿಕೊಳ್ಳುತ್ತಾರೆ, ಹಿಟ್ಟು ಬೀಸಿಸಿಕೊಳ್ಳುತ್ತಾರೆ, ಮೂರು ದಿನಕ್ಕಾಗುವಷ್ಟು ದೋಸೆಹಿಟ್ಟು ರುಬ್ಬಿ ಆಮೇಲೆ ಫ್ರಿಜ್ ಇಲ್ಲವೆಂದು ಬೈದುಕೊಳ್ಳುತ್ತಾರೆ.

ಬಟ್ಟಲು ಒಮ್ಮೊಮ್ಮೆ ಮಂಕಾಗುವುದುಂಟು. ಆಗ ಲೆಕ್ಕದಲ್ಲಿ ತೂತು ಬೀಳುತ್ತದೆ. ಈ ಎಣಿಕೆ ನೋಡಿ ಬಿರುಗಾಳಿ ಬರುವ ಹೊತ್ತು ಹೇಳುವ ಕಂಪ್ಯೂಟರಿಗೆ ತೂತು ಆಗಿಬರುವುದಿಲ್ಲ, ನಿಂತೇಬಿಡುತ್ತದೆ. ಅದಕ್ಕೆಂದು ಆರು ವರ್ಷದ ಹಿಂದೆ ನಾನು ಒಂದು ಪ್ರೋಗ್ರಾಮು ಬರೆದೆ. ಒಂದು ಬಟ್ಟಲು ಸುಮ್ಮನಾದರೆ ಉಳಿದೆರಡರ ಸರಾಸರಿ ತೆಗೆದು ಆ ಜಾಗ ತುಂಬುತ್ತದೆ. ಗೆರೆ ತೀರ ನೇರವಾಗಿ ಕಾಣಬಾರದೆಂದು ಸ್ವಲ್ಪ ನಡುಕವನ್ನೂ ಸೇರಿಸುತ್ತದೆ. ಮೂರು ದೇಶದವರೂ ಅದನ್ನೇ ಹಾಕಿಕೊಂಡರು. ಮೂರು ಖಂಡಗಳಲ್ಲಿ ನನ್ನ ಪ್ರೋಗ್ರಾಮು ನಡೆಯುತ್ತದೆ ಎಂದು ನಾನು ಎಷ್ಟು ಬೀಗಿದ್ದೆ ಎಂಬುದು ನನ್ನ ಗಂಡನಿಗೆ ಗೊತ್ತು. ಸ್ಪೇನು, ಜಪಾನು, ಇಂಡಿಯಾ ಸೇರಿದರೆ ಎರಡೇ ಖಂಡ ಎಂದು ತಿದ್ದಿದವರೂ ಅವರೇ.

ನಿಯಮದ ಪ್ರಕಾರ ಆರು ಗಂಟೆಗಿಂತ ಹೆಚ್ಚು ತುಂಬುವಂತಿಲ್ಲ. ಮೀರಿದರೆ ಉಳಿದಿಬ್ಬರಿಗೆ ತಿಳಿಸಬೇಕು. ಸೋಮವಾರ ಸಂಜೆ ಆ ಗಡುವು ದಾಟಿದಾಗ ನಾನು ನಿರ್ದೇಶಕರಾದ ಸೇತುರಾಮ್ ಸರ್ ಹತ್ತಿರ ಹೋದೆ. ಮಾರ್ಚ್ ತಿಂಗಳಲ್ಲಿ ನಮ್ಮ ಬಟ್ಟಲು ನಿಜವಾಗಿಯೇ ಎರಡು ಸಲ ಕೆಟ್ಟಿತ್ತು. ಇನ್ನೊಮ್ಮೆ ಹಾಗಾದರೆ ಹಿರಿಯೂರು ಬಳಿಯ ಮಾರಿಕಣಿವೆ ಕೇಂದ್ರವನ್ನು ಯೋಜನೆಯಲ್ಲಿ ಇಟ್ಟುಕೊಳ್ಳಬೇಕೆ ಎಂದು ಯೋಚಿಸುತ್ತೇವೆ ಎಂಬ ಯೋಜನಾ ಸಮಿತಿಯ ಪತ್ರ ಅವರ ಮೇಜಿನ ಮೇಲೇ ಇತ್ತು. ಅದನ್ನು ತೀರ್ಮಾನಿಸುವ ಸಭೆಗೆ ಇನ್ನು ಹತ್ತು ದಿನ.

"ಎಷ್ಟು ಬರ್ತಿದೆ?" ಎಂದರು.

"ಸೊನ್ನೆ ಸರ್. ಪೂರ್ತಿ ಸೊನ್ನೆ."

"ಉಳಿದೋರ್ದು?"

"ಇಬ್ಬರದೂ ಐದು ಪಾಯಿಂಟ್ ನಾಲ್ಕು. ಚೆನ್ನಾಗಿದೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ನಮ್ದೇ ಕೆಟ್ಟಿರೋದು. ನೋಡಮ್ಮ, ಸರಿಮಾಡೋಣ. ಅಲ್ಲೀವರೆಗೂ ತುಂಬ್ತಾ ಇರು. ಯಾರಿಗೂ ನಷ್ಟ ಇಲ್ಲ, ಅವರ ಲೆಕ್ಕವೇ ತಾನೆ ನಮ್ಮಲ್ಲಿ ಕಾಣೋದು."

ಯಾರಿಗೂ ನಷ್ಟವಿಲ್ಲ ಎಂದು ನನಗೂ ಅನ್ನಿಸಿತು. ಮಂಗಳವಾರ, ಬುಧವಾರ ನಾನು ಬಟ್ಟಲಿಗೆ ಗೊತ್ತಿದ್ದ ಆಜ್ಞೆಗಳನ್ನೆಲ್ಲ ಕಳಿಸಿದೆ. ಆರಿಸಿ ಹಚ್ಚಿದೆ, ಬಿಸಿ ಮಾಡಿದೆ. ಅದು ಪ್ರತಿ ಸಲವೂ ವಿಧೇಯವಾಗಿ ಎದ್ದು ಸೊನ್ನೆ ಎಂದಿತು.

ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಸೂರ್ಯನ ನಡುಮುಖದಲ್ಲಿ ಒಂದು ಸಿಡಿತವಾಯಿತು. ಸ್ಪೇನಿನ ಕ್ಯಾಮೆರಾದಲ್ಲಿ ಚಿತ್ರ ಬಂತು. ಸೂರ್ಯನನ್ನು ಮರೆಮಾಡುವ ತಟ್ಟೆಯ ಸುತ್ತ ಬಿಳಿಯ ಬಳೆಯೊಂದು ಎದ್ದು ನಾಲ್ಕೂ ಕಡೆಗೆ ಸಮನಾಗಿ ಹಿಗ್ಗಿತ್ತು. ಬಳೆ ಪಕ್ಕಕ್ಕೆ ಹೋದರೆ ಹೆದರಿಕೆಯಿಲ್ಲ. ಸುತ್ತಲೂ ಸಮನಾಗಿ ಹಿಗ್ಗಿದರೆ ನಮ್ಮ ಕಡೆಗೇ ಬರುತ್ತಿದೆ ಎಂದರ್ಥ. ಕಂಪ್ಯೂಟರು ಲೆಕ್ಕ ಹಾಕಿ, ದಾರಿಯಲ್ಲಿರುವ ಸೌರಗಾಳಿಗೆ ಸಿಕ್ಕಿ ವೇಗ ಕಳೆದುಕೊಂಡು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಭೂಮಿ ಮುಟ್ಟುತ್ತದೆ ಎಂದಿತು. ಶುಕ್ರವಾರ ಬೆಳಿಗ್ಗೆ ಎಂಟರಿಂದ ಬಂದ್ ಎಂದು ಎಲ್ಲ ದೇಶಗಳೂ ಸಾರಿದವು.

ಮಧ್ಯಾಹ್ನ ಹನ್ನೆರಡಕ್ಕೆ ಊಟಕ್ಕೆಂದು ಮನೆಗೆ ಬಂದೆ. ಗುಡ್ಡದ ಮೇಲೆ ಕೇಂದ್ರ, ಗುಡ್ಡದ ಕೆಳಗೆ ನಮ್ಮ ಕ್ವಾರ್ಟರ್ಸು. ಒಂದೇ ಸಾಲಿನಲ್ಲಿ ಮೂರು ಮನೆ. ನನ್ನ ಗಂಡ ಪಾಲಾಕ್ಷ ಎರಡು ಗಂಟೆಯ ಪಾಳಿಗೆ ಬಟ್ಟೆ ಹಾಕಿಕೊಳ್ಳುತ್ತಿದ್ದರು. ಎಂಟು ಕಿಲೋಮೀಟರು ಆಚೆಗಿರುವ ವಿದ್ಯುತ್ ಸ್ವೀಕರಣಾ ಕೇಂದ್ರದಲ್ಲಿ ಅವರು ಆಪರೇಟರು. ಅವರ ಅಂಗಿಗೆ, ಕೂದಲಿಗೆ, ಮದುವೆಯ ಫೋಟೋಗೂ ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಾಸನೆ ಇದೆ ಎಂದು ನಾನು ಛೇಡಿಸುತ್ತೇನೆ.

"ಇವತ್ತು ಲೋಡ್ ನೋಡ್ಬೇಕು ನೀನು," ಎಂದರು. "ಊರಿಗೆ ಊರೇ ಪಂಪ್ ಹಾಕ್ಕೊಂಡು ಕೂತೈತೆ. ಎರಡೂ ಟ್ರಾನ್ಸ್‌ಫಾರ್ಮರು ಮುಟ್ಟಂಗಿಲ್ಲ, ಅಷ್ಟು ಬಿಸಿ. ಅದ್ರಲ್ಲೂ ಎರಡನೇದರ ಸ್ವಿಚ್ಚು ಗುಂಡಿ ಒತ್ತಿದ್ರೆ ಬೀಳ್ತಿಲ್ಲ. ನಾಳೆ ಹತ್ರ ನಿಂತು ಹ್ಯಾಂಡಲ್ ತಿರುಗಿಸಿಯೇ ಆರಿಸ್ಬೇಕು. ಅರವತ್ತು ಸುತ್ತು."

"ಬೇರೆ ಯಾರೂ ಇಲ್ವಾ?"

"ಇದಾರೆ. ಅವರಿಗೂ ಹೆಂಡ್ತಿ ಇದಾಳೆ," ಎಂದು ನಕ್ಕರು.

ಅಷ್ಟರಲ್ಲಿ ಅತ್ತೆ ಖಾಲಿ ಲೋಟ ಹಿಡಿದುಕೊಂಡು ಹಿತ್ತಿಲಿಂದ ಬಂದರು. ಮುಖ ಕೆಂಪಾಗಿತ್ತು. "ಮೂರು ಮನೇಲೂ ಒಂದು ಚಮಚ ಹೆಪ್ಪಿಲ್ಲ ಅಂದ್ರೆ ಏನಿದು? ನಾಳೆ ಬಂದ್, ಮೊಸರು ಹುಳಿಯಾಗುತ್ತೆ ಅಂತ ನಾನು ಇದ್ದಿದ್ದೆಲ್ಲ ಮಜ್ಜಿಗೆ ಮಾಡ್ದೆ. ಹೆಪ್ಪಿಗೆ ಜಯಮ್ಮನ ಮನೇಲಿರುತ್ತೆ ಅಂತ. ಜಯಮ್ಮ ಟೀಚರಮ್ಮನ ಮನೇಲಿರುತ್ತೆ ಅಂತ ಬಳ್ಕೊಂಡು ತಿಂದವ್ಳೆ. ಟೀಚರಮ್ಮ ನಮ್ಮನೇಲಿರುತ್ತೆ ಅಂತ! ಎಲ್ರೂ ಪಕ್ಕದ್ಮನೆ ನಂಬ್ಕಂಡು ಪಾತ್ರೆ ತೊಳೆದಿಟ್ಟವ್ರೆ."

"ಈಗೇನ್ ಮಾಡ್ತೀಯವ್ವ?" ಎಂದರು ಪಾಲಾಕ್ಷ.

"ಏನ್ಮಾಡದು? ಇಲ್ಲ ಅಂತ ಗೊತ್ತಾಯ್ತಲ್ಲ. ಮೆಣಸಿನಕಾಯಿ ತೊಟ್ಟು ಹಾಕಿ ಹೊಸದಾಗಿ ಕಟ್ಟಾಕ್ತೀನಿ. ಮೊದ್ಲೇ ಇಲ್ಲ ಅಂದಿದ್ರೆ ಬೆಳಗ್ಗೇನೆ ಹಾಕ್ತಿದ್ದೆ."

ನನ್ನ ಬಾಯಿಗೆ ಬಂದ ತುತ್ತು ಅಲ್ಲೇ ನಿಂತಿತು. ಎರಡೂ ಕಡೆ ಐದು ಪಾಯಿಂಟ್ ನಾಲ್ಕು. ಸೋಮವಾರವೂ ಐದು ಪಾಯಿಂಟ್ ನಾಲ್ಕು, ನಿನ್ನೆಯೂ ಐದು ಪಾಯಿಂಟ್ ನಾಲ್ಕು. ಸೌರಗಾಳಿ ಮೂರು ದಿನ ಒಂದೇ ಸಮ ಇದ್ದದ್ದನ್ನು ನಾನು ಹದಿನೈದು ವರ್ಷದಲ್ಲಿ ನೋಡಿಲ್ಲ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ, ಸ್ಕೂಟರು ಹತ್ತಿ ಗುಡ್ಡಕ್ಕೆ ಹೋದೆ.

ನಿಯಂತ್ರಣ ಕೊಠಡಿಯಲ್ಲಿ ಮೂರು ಬಟ್ಟಲುಗಳ ಗೆರೆಗಳು ಎಂದಿನಂತೆ ಸಣ್ಣಗೆ ನಡುಗುತ್ತ ಓಡುತ್ತಿದ್ದವು. ಎಷ್ಟು ಜೀವಂತವಾಗಿ ಕಾಣುತ್ತಿದ್ದವು ಎಂದರೆ ಒಂದು ಕ್ಷಣ ನನಗೆ ನನ್ನ ಅನುಮಾನದ ಮೇಲೇ ಸಿಟ್ಟು ಬಂತು. ನನ್ನ ಪ್ರೋಗ್ರಾಮು ಸೇರಿಸುವ ನಡುಕ ಯಾವುದು ಎಂದು ನನಗೆ ಗೊತ್ತು. ಅದನ್ನು ಮೂರರಿಂದಲೂ ಕಳೆದು ಗೆರೆಗಳನ್ನು ಮತ್ತೆ ಎಳೆಸಿದೆ.

ಮೂರೂ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾದವು. ಸೋಮವಾರ ಹತ್ತು ಇಪ್ಪತ್ತರಿಂದ ಈವರೆಗೆ ಸ್ಕೇಲಿಟ್ಟು ಎಳೆದಂಥ ಗೆರೆ. ನಾವು ಅವರನ್ನು ನೋಡಿ ತುಂಬಿದ್ದೆವು, ಅವರು ನಮ್ಮನ್ನು ನೋಡಿ ತುಂಬಿದ್ದರು. ಮೂರು ದಿನದಿಂದ ಯಾರೂ ಏನನ್ನೂ ಅಳೆದಿರಲಿಲ್ಲ.

ಸ್ಪೇನಿನ ಕೇಂದ್ರದಲ್ಲಿ ನನ್ನಂಥದೇ ಕೆಲಸದಲ್ಲಿರುವವಳು ಇತ್ಸಿಯಾರ್. ಆರು ವರ್ಷದ ಸ್ನೇಹ. ಅವಳ ಮಗಳ ಹಲ್ಲು ಬಿದ್ದ ಫೋಟೋ ಕೂಡ ನನ್ನ ಹತ್ತಿರ ಇದೆ. ಫೋನು ಮಾಡಿದೆ.

"ನಿಮ್ಮ ಬಟ್ಟಲು ಹೇಗಿದೆ?" ಎಂದು ಕೇಳಿದೆ.

"ಚೆನ್ನಾಗಿದೆ," ಎಂದಳು. ಉತ್ತರ ತುಸು ಬೇಗನೆ ಬಂತು. "ನಿಮ್ಮದು?"

ಚೆನ್ನಾಗಿದೆ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮೂರು ದಿನದಿಂದ ಅಭ್ಯಾಸವಾಗಿತ್ತು. "ಇತ್ಸಿಯಾರ್, ನಮ್ಮದು ಸೋಮವಾರದಿಂದ ಸೊನ್ನೆ," ಎಂದೆ.

ಅವಳು ತೀರ ಸಣ್ಣ ದನಿಯಲ್ಲಿ, "ನಮ್ಮದೂ," ಎಂದಳು. "ನಮ್ಮದು ಮಾತ್ರ ಕೆಟ್ಟಿದೆ ಅಂದುಕೊಂಡಿದ್ದೆವು."

ಜಪಾನಿನ ಕೇಂದ್ರದ ಮುಖ್ಯಸ್ಥ ಕುರಾಮೋಚಿಯವರಿಗೆ ಇಬ್ಬರೂ ಸೇರಿ ಬರೆದೆವು. ಎರಡು ನಿಮಿಷದಲ್ಲಿ ಉತ್ತರ ಬಂತು. "ಸೋಮವಾರದಿಂದ ಸೊನ್ನೆ. ನಮ್ಮ ದೋಷವೆಂದು ತಿಳಿದು ದುರಸ್ತಿ ಮಾಡುತ್ತಿದ್ದೆವು. ಮುಚ್ಚಿಟ್ಟದ್ದಕ್ಕೆ ಕ್ಷಮೆ ಕೇಳುತ್ತೇನೆ."

ಯಾವ ಬಟ್ಟಲೂ ಕೆಟ್ಟಿರಲಿಲ್ಲ. ಸೂರ್ಯನ ಗಾಳಿಯೇ ನಿಂತುಹೋಗಿತ್ತು. ಯಾಕೆ ನಿಂತಿತು ಎಂಬುದು ಇವತ್ತಿಗೂ ನಮಗೆ ತಿಳಿಯದು. ಆದರೆ ಅದರ ಪರಿಣಾಮ ಏನೆಂದು ತಿಳಿಯಲು ಕಂಪ್ಯೂಟರು ಬೇಕಿರಲಿಲ್ಲ. ಸಂತೆಯ ದಿನ ಜನರ ನಡುವೆ ನುಗ್ಗಿಕೊಂಡು ಬರುವ ಲಾರಿಗೂ ಖಾಲಿ ಹೆದ್ದಾರಿಯಲ್ಲಿ ಬರುವ ಲಾರಿಗೂ ಇರುವ ವ್ಯತ್ಯಾಸ ಅದು. ತಡೆಯುವ ಗಾಳಿ ದಾರಿಯಲ್ಲಿ ಇಲ್ಲವೇ ಇಲ್ಲ. ಬೆಳಗಿನ ಜಾವ ಹೊರಟ ಬಿರುಗಾಳಿ ನಾಳೆ ಮಧ್ಯಾಹ್ನದವರೆಗೆ ಕಾಯುವುದಿಲ್ಲ. ದಾರಿ ಸಾಧಾರಣ ಖಾಲಿ ಇದೆ ಎಂದು ಹಿಡಿದು ಕೈಯಲ್ಲೇ ಲೆಕ್ಕ ಹಾಕಿದೆ. ಇವತ್ತೇ, ಸಂಜೆ ನಾಲ್ಕೂ ಮುಕ್ಕಾಲಿಗೆ.

ಎದುರಿನ ಗಡಿಯಾರದಲ್ಲಿ ಹನ್ನೆರಡು ನಲವತ್ತು. ಊರಿನ ಪಂಪುಗಳೆಲ್ಲ ಓಡುತ್ತಿದ್ದವು. ಎರಡು ಗಂಟೆಗೆ ಪಾಲಾಕ್ಷ ಆ ಕಾದ ಟ್ರಾನ್ಸ್‌ಫಾರ್ಮರುಗಳ ನಡುವೆ ನಿಲ್ಲುತ್ತಾರೆ.

ಬಂದ್ ನಾಳೆಯ ಬದಲು ಇವತ್ತೇ ಶುರುಮಾಡಬೇಕೆಂದರೆ ಮೂರೂ ಕೇಂದ್ರಗಳ ಸಹಿ ಬೇಕು. ಸಹಿಯ ಜೊತೆ ಕಾರಣವನ್ನೂ ಬರೆಯಬೇಕು. ಕುರಾಮೋಚಿಯವರ ಸಹಿ ಹನ್ನೆರಡು ನಲವತ್ತೆಂಟಕ್ಕೆ ಬಿತ್ತು. ಇತ್ಸಿಯಾರ್‌ಳ ಕೇಂದ್ರದ್ದು ಹನ್ನೆರಡು ಐವತ್ತಕ್ಕೆ. ಇಬ್ಬರೂ ಕಾರಣದ ಜಾಗದಲ್ಲಿ, ಬಟ್ಟಲು ಸೋಮವಾರದಿಂದ ಸೊನ್ನೆ, ತಿಳಿಸದೆ ತುಂಬಿದ್ದೇವೆ ಎಂದು ಬರೆದಿದ್ದರು. ನಾನು ಸೇತುರಾಮ್ ಸರ್ ಕೋಣೆಗೆ ಓಡಿದೆ.

ಅವರು ಎಲ್ಲವನ್ನೂ ಕೇಳಿದರು. "ಹಾಕೋಣ. ಬೇಡ ಅಂದ್ನಾ? ಖಂಡಿತ ಹಾಕೋಣ. ಆದ್ರೆ ಸೋಮವಾರದಿಂದ ಅಂತ ಬೇಡಮ್ಮ. ಇವತ್ತು ಬೆಳಗ್ಗೆಯಿಂದ ಅಂತ ಹಾಕೋಣ."

"ಅವರಿಬ್ಬರೂ ಸೋಮವಾರ ಅಂತಲೇ ಬರೆದಿದ್ದಾರೆ ಸರ್."

"ಅವರ್ದು ಬೇರೆ. ಅವರು ಹೋದ್ರೆ ಯೋಜನೆಯೇ ಇಲ್ಲ. ನಾವು ಹೋದ್ರೆ? ಬೇರೆ ಬಟ್ಟಲು ತಂದಿಡ್ತಾರೆ, ಅಷ್ಟೆ. ನಲವತ್ತೆರಡು ಜನ ಇಲ್ಲಿ ಕೆಲಸ ಮಾಡ್ತಿದ್ದಾರೆ. ತುಂಬಿರೋದು ನಿನ್ನ ಹೆಸರಿನ ಲಾಗಿನ್‌ನಲ್ಲಿ, ಅದೂ ಗೊತ್ತಿರಲಿ." ಬೆದರಿಸಲು ಹೇಳಿದ ಮಾತಲ್ಲ ಅದು. ನನಗಾಗಿ ಅಂಜಿಯೇ ಹೇಳಿದರು. "ಎಷ್ಟು ಹೊತ್ತಿದೆ ನಮ್ಮ ಕೈಲಿ?"

ಇಡೀ ದಕ್ಷಿಣದ ವಿದ್ಯುತ್ತನ್ನು ಒಮ್ಮೆಲೇ ಕಿತ್ತುಹಾಕಲು ಬರುವುದಿಲ್ಲ. ರೈಲು ನಿಲ್ಲಿಸಬೇಕು, ಲಿಫ್ಟಿನಲ್ಲಿರುವವರನ್ನು ಇಳಿಸಬೇಕು, ಆಸ್ಪತ್ರೆಗಳು ಬ್ಯಾಟರಿಗೆ ಬದಲಾಗಬೇಕು, ಆಮೇಲೆ ಒಂದೊಂದೇ ಲೈನು ಆರಿಸಬೇಕು. ಅದಕ್ಕೆ ಎರಡು ಗಂಟೆ ನಲವತ್ತು ನಿಮಿಷ. ಒಂದೂವರೆಗೆ ಸಹಿ ಬಿದ್ದರೆ ನಾಲ್ಕು ಹತ್ತಕ್ಕೆ ಮುಗಿಯುತ್ತದೆ. ಬಿರುಗಾಳಿ ನಾಲ್ಕೂ ಮುಕ್ಕಾಲಿಗೆ. ನಡುವೆ ಮೂವತ್ತೈದು ನಿಮಿಷ ಉಳಿಯುತ್ತದೆ.

"ಸ್ವಲ್ಪ ಹೊತ್ತಿದೆ ಸರ್," ಎಂದೆ.

ಈ ಮಾತು ನಾನೇ ಹೇಳಿದ್ದು. ಅವರು ಹೇಳಿಸಿದ್ದಲ್ಲ.

ಕೂತು ನಮ್ಮ ಕೇಂದ್ರದೊಳಗಿನ ದಾಖಲೆ ತಿದ್ದಿದೆ. ಸೋಮವಾರ ಹತ್ತು ಇಪ್ಪತ್ತರಿಂದ ಗುರುವಾರ ಬೆಳಗಿನ ಐದರವರೆಗೆ ಗಂಟೆಗೊಂದರಂತೆ ಅರವತ್ತೇಳು ನಮೂದು. ಒಂದೊಂದನ್ನೂ ತೆರೆದು, ತುಂಬಿದ್ದು ಎಂಬ ಗುರುತು ಅಳಿಸಿ, ಅಳೆದದ್ದು ಎಂದು ಬರೆದು, ಮುಚ್ಚಿದೆ. ಬೆರಳು ತಪ್ಪುತ್ತಿದ್ದವು. ಇತ್ಸಿಯಾರ್ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಸೇತುರಾಮ್ ಸರ್ ನನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಒಂದೂವರೆಗೆ ಸಹಿ ಹಾಕಿದೆವು. ಬಟ್ಟಲು ಇಂದು ಬೆಳಿಗ್ಗೆಯಿಂದ ಸೊನ್ನೆ.

ಹತ್ತು ನಿಮಿಷದಲ್ಲಿ ಊರಿನ ಮೈಕುಗಳು ಶುರುವಾದವು. ಗುಡ್ಡದ ಮೇಲಿಂದ ಸದ್ದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅತ್ತೆ ಫೋನು ಮಾಡಿದರು.

"ಬಂದ್ ನಾಳೆ ಅಂದ್ರಲ್ಲೇ? ಇವತ್ತೇ ಅಂತ ಕೂಗ್ತಾವ್ರೆ. ಹಿಟ್ಟಿನ ಗಿರಣಿ ಹತ್ರ ಜನ ಒಬ್ಬರ ಮೇಲೊಬ್ಬರು ಬಿದ್ದವ್ರೆ. ಪಾಲಾಕ್ಷ ಡಬ್ಬಿ ಬಿಟ್ಟು ಹೋಗವ್ನೆ ಕಣಮ್ಮ. ಮುಂಚೆನೇ ಕರೆದ್ರಂತೆ, ಓಡಿ ಹೋದ."

"ಬಂದು ಊಟ ಮಾಡ್ತಾರೆ ಅತ್ತೆ. ನೀವು ಒಳಗಿರಿ," ಎಂದೆ.

ಎರಡು ಗಂಟೆ, ಮೂರು ಗಂಟೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಒಂದೊಂದೇ ದೀಪ ಆರುತ್ತ ಬಂತು. ನನ್ನ ಕಣ್ಣು ಮಾತ್ರ ಎಂಟು ಕಿಲೋಮೀಟರು ಆಚೆಯ ಒಂದು ಚುಕ್ಕಿಯ ಮೇಲೆ. ಬೆಂಗಳೂರಿಗೆ ಹೋಗುವ ದೊಡ್ಡ ಲೈನು ಅಲ್ಲಿಂದ ಹಾದುಹೋಗುವುದರಿಂದ ಆರಿಸುವ ಪಟ್ಟಿಯಲ್ಲಿ ಅದರದೇ ಕೊನೆಯ ಹೆಸರು. ಮೂರು ಐವತ್ತಕ್ಕೆ ಅಲ್ಲಿನ ಮೊದಲನೆಯ ಟ್ರಾನ್ಸ್‌ಫಾರ್ಮರ್ ಆರಿತು ಎಂದು ಬಂತು. ಇನ್ನೊಂದು ಮಾತ್ರ ಉಳಿದಿತ್ತು. ಸೇತುರಾಮ್ ಸರ್ ನಿಟ್ಟುಸಿರುಬಿಟ್ಟು ಕುರ್ಚಿಯಲ್ಲಿ ಕೂತರು.

ಮೂರು ಐವತ್ನಾಲ್ಕಕ್ಕೆ ನಮ್ಮ ಬಟ್ಟಲಿನಲ್ಲಿ ಒಂದು ಅಂಕಿ ಕಾಣಿಸಿತು. ಮೂರು ದಿನದಿಂದ ಸೊನ್ನೆ ಇದ್ದ ಜಾಗದಲ್ಲಿ ಅರವತ್ತು. ನೋಡುತ್ತಿದ್ದಂತೆ ನಾನೂರು. ಆಮೇಲೆ ಗೆರೆ ಪರದೆಯ ಮೇಲಂಚು ದಾಟಿ ಹೋಯಿತು. ನಾವು ನಾಚಿಕೊಂಡು ಮುಚ್ಚಿಟ್ಟಿದ್ದ ಬಟ್ಟಲು ಮೂರರಲ್ಲಿ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಸ್ಪಷ್ಟವಾಗಿ ಎಣಿ‌ಸುತ್ತಿತ್ತು. ದಾರಿ ನಾನು ಊಹಿಸಿದ್ದಕ್ಕಿಂತ ಖಾಲಿಯಾಗಿತ್ತು. ಬಟ್ಟಲಿಗೆ ಬಡಿದ ಬಿರುಗಾಳಿ ಭೂಮಿ ಮುಟ್ಟಲು ಏಳು ನಿಮಿಷ.

ಪಾಲಾಕ್ಷನಿಗೆ ಫೋನು ಮಾಡಿದೆ.

"ಅಲ್ಲಿಂದ ಬಂದ್ಬಿಡಿ. ಈಗಲೇ. ಏಳು ನಿಮಿಷ ಇದೆ, ಅಷ್ಟೆ."

"ನಾಲ್ಕೂ ಮುಕ್ಕಾಲು ಅಂದಿದ್ರಲ್ಲ?" ಏದುಸಿರು ಬಿಡುತ್ತಿದ್ದರು. "ಹ್ಯಾಂಡಲ್ ಹಿಡಿದಿದೀನಿ ಹೇಮಾ. ತುಕ್ಕು ಹಿಡಿದು ಬಿಗಿಯಾಗೈತೆ. ಇಪ್ಪತ್ತು ಸುತ್ತಾಯ್ತು."

"ಬಿಟ್ಟು ಬನ್ನಿ ಅಂದೆ."

"ಅರ್ಧಕ್ಕೆ ಬಿಟ್ರೆ ಅಲ್ಲೇ ಕಿಡಿ ಹತ್ತಿಕೊಳ್ಳುತ್ತೆ. ಎಣ್ಣೆ ತುಂಬಿದ ಡಬ್ಬ ಇದು. ಒಳಗೆ ನಾಲ್ಕು ಜನ ಇದಾರೆ. ಇರು, ಜೇಬಲ್ಲಿ ಹಾಕ್ಕೊತೀನಿ, ಫೋನ್ ಇಡಬೇಡ."

ಇಡಲಿಲ್ಲ. ಹ್ಯಾಂಡಲಿನ ಕಿರ್‌ರ್ ಸದ್ದು, ಅವರ ಉಸಿರು, ಎಣಿಕೆ ಕೇಳುತ್ತಿತ್ತು. ಇಪ್ಪತ್ತೇಳು. ಇಪ್ಪತ್ತೆಂಟು. ಅವೆಲ್ಲದರ ಹಿಂದೆ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ. ಅವರ ಅಂಗಿಯ ವಾಸನೆಯ ಹಾಗೆಯೇ ಆ ಸದ್ದೂ ನನಗೆ ಪರಿಚಿತ. ಎಷ್ಟೋ ಸಲ ಕೆಲಸದ ನಡುವೆ ಫೋನು ಮಾಡಿದಾಗ ಕೇಳಿದ್ದೇನೆ. ಮೂವತ್ತೊಂಬತ್ತು. ನಲವತ್ತು.

ನಾಲ್ಕು ಗಂಟೆ ಒಂದು ನಿಮಿಷಕ್ಕೆ ಆ ಗುಂಯ್ ಸದ್ದು ಬದಲಾಯಿತು. ದಪ್ಪಗಾಗಿ, ದನ ನರಳುವ ಹಾಗೆ ನರಳತೊಡಗಿತು. "ಐವತ್ತೊಂದು," ಎಂದರು ಪಾಲಾಕ್ಷ. "ಐವತ್ತೆರಡು."

ಆಮೇಲೆ ಫೋನು ಸತ್ತಿತು. ಕಿಟಕಿಯಿಂದ ನೋಡಿದರೆ ಗಾಳಿಯಂತ್ರಗಳ ಸಾಲಿನ ಆಚೆ ಕಪ್ಪು ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಸದ್ದು ನಮಗೆ ಕೇಳಿಸಿದ್ದು ಅದಾದ ಮೇಲೆ.

ಅವರು ಬದುಕಿದರು. ಒಳಗಿದ್ದ ನಾಲ್ವರಿಗೂ ಏನೂ ಆಗಲಿಲ್ಲ. ಆ ಒಂದು ಟ್ರಾನ್ಸ್‌ಫಾರ್ಮರ್ ಬಿಟ್ಟರೆ ದಕ್ಷಿಣದಲ್ಲಿ ಬೇರೇನೂ ಸುಡಲಿಲ್ಲ. ಎರಡು ದಿನದ ಮೇಲೆ ಊರಿಗೆ ವಿದ್ಯುತ್ ಬಂತು. ಬಂದ್ ಒಂದು ದಿನ ಮುಂಚೆಯೇ ಮಾಡಿಸಿ ಅರ್ಧ ಜಗತ್ತನ್ನು ಉಳಿಸಿದ ಹಿರಿಯೂರಿನ ಸೊಸೆ ಎಂದು ಪತ್ರಿಕೆಗಳಲ್ಲಿ ನನ್ನ ಫೋಟೋ ಬಂತು. ಕೇಂದ್ರವನ್ನು ಕೈಬಿಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸೇತುರಾಮ್ ಸರ್ ಆಸ್ಪತ್ರೆಗೆ ಬಂದು ಪಾಲಾಕ್ಷನ ಮಂಚದ ಪಕ್ಕ ಅತ್ತರು. ಇತ್ಸಿಯಾರ್ ಒಂದೇ ಸಾಲಿನ ಪತ್ರ ಬರೆದಿದ್ದಳು. ನಿಮ್ಮ ಸಹಿಗೆ ನಲವತ್ತು ನಿಮಿಷ ಯಾಕೆ ಹಿಡಿಯಿತು? ನಾನು ಉತ್ತರ ಬರೆಯಲಿಲ್ಲ.

ಇಪ್ಪತ್ತಮೂರನೆಯ ದಿನ ಅವರನ್ನು ಮನೆಗೆ ಕರೆತಂದೆವು. ಎರಡೂ ಕೈಗೆ ಮೊಣಕೈಯವರೆಗೆ ಪಟ್ಟಿ. ಬಲಗೈಯ ಮೂರು ಬೆರಳು ಮತ್ತೆ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಮಗನನ್ನು ಕಂಬಕ್ಕೆ ಒರಗಿಸಿ ಕೂರಿಸಿ, ಮೊಸರನ್ನ ಕಲಸಿ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಮೆಣಸಿನಕಾಯಿ ತೊಟ್ಟಿನಿಂದ ಕಟ್ಟಿದ್ದ ಅದೇ ಹೆಪ್ಪಿನ ಮೊಸರು. ಈಗ ಮೂರೂ ಮನೆಗೆ ಅಲ್ಲಿಂದಲೇ ಹೋಗುತ್ತಿತ್ತು.

"ಆ ಚೀಲದಲ್ಲಿ ಒಂದು ಫಾರಂ ಐತೆ ನೋಡು," ಎಂದರು ಪಾಲಾಕ್ಷ. "ಅಪಘಾತದ ವರದಿ. ನಾನೇ ಬರೆದುಕೊಡಬೇಕಂತೆ. ನನ್ನ ಕೈಲಿ ಆಗಲ್ಲ. ನೀನು ಬರ್ಕೋ, ನಾನು ಹೇಳ್ತೀನಿ."

ಬರೆದುಕೊಂಡೆ. ಹೆಸರು, ಹುದ್ದೆ, ಪಾಳಿ. ಮಧ್ಯಾಹ್ನ ಒಂದು ನಲವತ್ತಕ್ಕೆ ಬಂದ್ ಆಜ್ಞೆ ತಲುಪಿತು. ಮೂರು ಐವತ್ತಕ್ಕೆ ಒಂದನೆಯ ಟ್ರಾನ್ಸ್‌ಫಾರ್ಮರ್ ಆರಿಸಲಾಯಿತು. ಅವರದು ದಿನವೂ ನಿಮಿಷ ಬರೆದಿಡುವ ಕೆಲಸ. ಯಾವ ಹೊತ್ತನ್ನೂ ತಡವರಿಸದೆ ಹೇಳಿದರು. ಐವತ್ತೆರಡನೆಯ ಸುತ್ತಿನವರೆಗೂ ಹೇಳಿದರು.

"ಅಪಘಾತಕ್ಕೆ ಕಾರಣ ಅಂತ ಒಂದು ಜಾಗ ಇದೆ," ಎಂದೆ.

ಅವರು ತುತ್ತು ನುಂಗಿ, ಅವ್ವನಿಗೆ ಸಾಕು ಎಂದು ತಲೆಯಾಡಿಸಿದರು. "ಆಸ್ಪತ್ರೇಲಿ ಮಲಗಿ ಯೋಚ್ನೆ ಮಾಡ್ದೆ. ಪೇಪರಲ್ಲಿ ಎಲ್ಲಾ ಟೈಮೂ ಹಾಕಿದ್ರು. ಜಪಾನಿನೋರು ಹನ್ನೆರಡು ನಲವತ್ತೆಂಟು. ಸ್ಪೇನಿನೋರು ಹನ್ನೆರಡು ಐವತ್ತು. ನೀವು ಒಂದೂವರೆ. ನಲವತ್ತು ನಿಮಿಷ ಮುಂಚೆ ಆಜ್ಞೆ ಬಂದಿದ್ರೆ ಮೂರೂವರೆಗೆ ನನ್ನ ಕೆಲಸ ಮುಗ್ದಿರ್ತಿತ್ತು. ಡಬ್ಬಿ ಇಲ್ಲ ಅಂತ ಮನೆಗೇ ಊಟಕ್ಕೆ ಬಂದಿರ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. "ಆ ಹೊತ್ತಲ್ಲಿ ಏನ್ ಮಾಡ್ತಿದ್ರಿ ಹೇಮಾ?"

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತ್ತು. ಪಟ್ಟಿ ಸುತ್ತಿದ ಅವರ ಕೈಗಳು ನನ್ನ ಮುಂದೆಯೇ ಇದ್ದವು.

"ತಾರೀಕು ತಿದ್ದುತ್ತಿದ್ದೆ," ಎಂದೆ.

ಎಲ್ಲವನ್ನೂ ಹೇಳಿದೆ. ಅರವತ್ತೇಳು ನಮೂದು, ಮೂವತ್ತೈದು ನಿಮಿಷ ಉಳಿಯುತ್ತದೆ ಎಂದು ಹಾಕಿದ ಲೆಕ್ಕ, ಸ್ವಲ್ಪ ಹೊತ್ತಿದೆ ಸರ್ ಎಂದ ಮಾತು, ಒಂದನ್ನೂ ಬಿಡಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಕಾರಣ ಅಂತ ಐತಲ್ಲ, ಆ ಜಾಗ ಖಾಲಿ ಬಿಡಂಗಿಲ್ಲ," ಎಂದರು ಕೊನೆಗೆ. "ನನಗೆ ಗೊತ್ತಿರೋದನ್ನ ನಾನು ಹೇಳ್ದೆ. ಅದನ್ನ ನೀನೇ ಬರಿ. ಬರೆದು ಓದು."

ಈ ಫಾರಂ ಎಲ್ಲಿಗೆ ಹೋಗುತ್ತದೆ, ಯಾರು ಯಾರು ಓದುತ್ತಾರೆ, ಪತ್ರಿಕೆಯಲ್ಲಿ ಬಂದ ಆ ಫೋಟೋ ಏನಾಗುತ್ತದೆ ಎಂಬುದೆಲ್ಲ ಒಮ್ಮೆಲೇ ತಲೆಯಲ್ಲಿ ಹಾದುಹೋಯಿತು. ಕೈ ನಡುಗಿತು. ಈ ಸಲದ ನಡುಕ ನನ್ನದೇ ಆಗಿತ್ತು. ಬರೆದು, ಅವರಿಗೆ ಕೇಳಿಸುವಂತೆ ಓದಿದೆ.

"ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತರಿಂದ ನಮ್ಮ ಬಟ್ಟಲು ಸೊನ್ನೆ ತೋರಿಸುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ."